ಮಳೆಗಾಲಕ್ಕೊಂದು ಟಾಕೀಸು

ಬೆಳುವಾಯಿಯವರಿಗೆ ಸಿನಿಮಾ ಎಂದರೆ ಒಂದೋ ಮೂಡುಬಿದಿರೆ, ಇಲ್ಲವೇ ಕಾರ್ಕಳ. ಎರಡು ಪೇಟೆಗಳ ನಡುವೆ ಹೆದ್ದಾರಿಯ ಮೇಲೇ ಕೂತ ಊರು ಅದು. ತುಳು ಚಿತ್ರವೊಂದು ತೆರೆಕಾಣುವ ವಾರ ಪತ್ರಿಕೆಗಳಲ್ಲಿ ಬರುತ್ತಿದ್ದ ಪಟ್ಟಿ ಈ ಸೀಮೆಯ ಜನರಿಗೆ ಬಾಯಿಪಾಠವಾಗಿತ್ತು: ಮಂಗಳೂರಿನಲ್ಲಿ ಜ್ಯೋತಿ, ಸುರತ್ಕಲ್‌ನಲ್ಲಿ ನಟರಾಜ್, ಉಡುಪಿಯಲ್ಲಿ ಕಲ್ಪನಾ, ಮೂಡುಬಿದಿರೆಯಲ್ಲಿ ಅಮರಶ್ರೀ, ಕಾರ್ಕಳದಲ್ಲಿ ರಾಧಿಕಾ, ಬೆಳ್ತಂಗಡಿಯಲ್ಲಿ ಭಾರತ್, ಪುತ್ತೂರಿನಲ್ಲಿ ಅರುಣಾ, ಸುಳ್ಯದಲ್ಲಿ ಸಂತೋಷ್. ಕಾಲ ಕಳೆದಂತೆ ಆ ಪಟ್ಟಿಗೆ ಮಾಲ್‌ಗಳ ಹೆಸರು ಸೇರಿಕೊಂಡವು, ಟಾಕೀಸುಗಳ ಹೆಸರು ಹಿಂದೆ ಸರಿದವು. ಮಂಗಳೂರಿನ ಜ್ಯೋತಿ ಪ್ರದರ್ಶನವನ್ನೇ ನಿಲ್ಲಿಸಿತು. ಬಸ್ಸಿನವರು ಮಾತ್ರ ಅದರ ಬಳಿಯ ವೃತ್ತವನ್ನು ಇಂದಿಗೂ ಜ್ಯೋತಿ ಎಂದೇ ಕೂಗುತ್ತಾರೆ.

ಹಳೆಯ ಟಾಕೀಸುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ನೆನಪುಗಳ ಕಡೆಗೆ ಹೊರಳುತ್ತಾರೆ. ಗಾಂಧಿ ಕ್ಲಾಸಿನ ಶಿಳ್ಳೆ, ಇಂಟರ್ವಲ್ಲಿನ ಕಡಲೆ, ರೀಲು ತುಂಡಾದಾಗಿನ ಗಲಾಟೆ ಎಲ್ಲವೂ ನಿಜವೇ. ಆದರೆ ನೆನಪಿಗಾಗಿ ಯಾರೂ ಕಟ್ಟಡವೊಂದರ ಕರೆಂಟು ಬಿಲ್ಲು ಕಟ್ಟುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಪೇಟೆಯ ನಡುವೆ ಆರೇಳು ನೂರು ಜನ ಕೂರುವ, ನಡುವೆ ಒಂದೂ ಕಂಬವಿಲ್ಲದ ಕಟ್ಟಡವೊಂದು ತನ್ನ ಕಸುಬು ಕಳೆದುಕೊಂಡಾಗ ಊರಿಗೆ ಅದರಿಂದ ಆಗಬೇಕಾದ ಕೆಲಸ ಏನಾದರೂ ಉಳಿದಿದೆಯೇ?

ಕಸುಬು ಹೋದದ್ದು ಹೇಗೆಂಬುದನ್ನು ಚುಟುಕಾಗಿ ನೋಡಿಬಿಡಬಹುದು. ರೀಲಿನ ಕಾಲದಲ್ಲಿ ಒಂದು ಚಿತ್ರಕ್ಕೆ ಇಷ್ಟೇ ಪ್ರಿಂಟು ಎಂಬ ಮಿತಿಯಿತ್ತು. ದೊಡ್ಡ ನಗರದಲ್ಲಿ ಓಡಿ ಮುಗಿದ ಮೇಲೆ ರೀಲು ಪೆಟ್ಟಿಗೆ ತಾಲ್ಲೂಕಿನ ಟಾಕೀಸಿಗೆ ಬರುತ್ತಿತ್ತು. ಅಲ್ಲಿಯವರೆಗೆ ಊರು ಕಾಯುತ್ತಿತ್ತು. ಡಿಜಿಟಲ್ ಪ್ರೊಜೆಕ್ಷನ್ ಬಂದ ಮೇಲೆ ಒಂದೇ ಶುಕ್ರವಾರ ಎಲ್ಲ ಕಡೆಯೂ ಬಿಡುಗಡೆ. ಐವತ್ತು ದಿನಗಳಲ್ಲಿ ಬರುತ್ತಿದ್ದ ಪ್ರೇಕ್ಷಕರು ಎರಡು ವಾರಾಂತ್ಯಗಳಲ್ಲಿ ಬಂದು ಹೋಗತೊಡಗಿದರು, ಅದೂ ಹೆಚ್ಚಿನವರು ಮಲ್ಟಿಪ್ಲೆಕ್ಸಿಗೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಮುಚ್ಚಿದ ಬಾಗಿಲು ತೆರೆಯುವಷ್ಟರಲ್ಲಿ ಜನ ಮೊಬೈಲಿನಲ್ಲೇ ಸಿನಿಮಾ ನೋಡುವುದನ್ನು ಕಲಿತಾಗಿತ್ತು. ‘ಕಾಂತಾರ’ದಂಥ ಚಿತ್ರ ಬಂದಾಗ ಕರಾವಳಿಯ ಟಾಕೀಸುಗಳು ತುಂಬಿದವು, ನಿಜ. ಆದರೆ ಅಂಥ ಚಿತ್ರ ಪ್ರತಿ ತಿಂಗಳೂ ಬರುವುದಿಲ್ಲ.

ಕಸುಬು ಕಳೆದುಕೊಂಡ ಕಟ್ಟಡಗಳಿಗೆ ಆಮೇಲೆ ಒದಗಿದ ಗತಿ ನಾನಾ ಬಗೆಯದು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ಕ್ಕೆ ಕೊನೆಯ ಆಟ ಮುಗಿಸಿತು. ಅದೇ ನಗರದಲ್ಲಿ 1974ರಲ್ಲಿ ಶುರುವಾದ ಕಾವೇರಿ 2024ರಲ್ಲಿ ನೆಲಸಮವಾಯಿತು. ಕೇರಳದಲ್ಲಿ ಬಾಗಿಲು ಹಾಕಿದ ಎಷ್ಟೋ ಟಾಕೀಸುಗಳು ಕಲ್ಯಾಣ ಮಂಟಪಗಳಾದವು. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1926ರಲ್ಲಿ ಅರಮನೆಯಂತೆ ಕಟ್ಟಿದ್ದ ಮಿಶಿಗನ್ ಥಿಯೇಟರಿನ ಚಿತ್ತಾರದ ಮೇಲ್ಛಾವಣಿಯ ಕೆಳಗೆ ಈಗ ಕಾರುಗಳು ನಿಲ್ಲುತ್ತವೆ. ಬ್ಯೂನಸ್ ಐರಿಸ್‌ನಲ್ಲಿ 1919ರಲ್ಲಿ ನಾಟಕಶಾಲೆಯಾಗಿ ಆರಂಭವಾಗಿ, ಹತ್ತು ವರ್ಷಗಳ ಬಳಿಕ ಚಿತ್ರಮಂದಿರವಾದ ಗ್ರ್ಯಾಂಡ್ ಸ್ಪ್ಲೆಂಡಿಡ್ 2000ದಿಂದ ಪುಸ್ತಕದಂಗಡಿ. ಬಾಲ್ಕನಿಗಳ ತುಂಬ ಕಪಾಟುಗಳು, ರಂಗದ ಮೇಲೆ ಕಾಫಿ ಮೇಜುಗಳು. ನಮ್ಮಲ್ಲೇ ನೋಡುವುದಾದರೆ ಬೆಂಗಳೂರಿನ ಬ್ರಿಟಿಷ್ ಕಾಲದ ಆಪೆರಾ ಹೌಸ್ 2018ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಪ್ರದರ್ಶನ ಮಳಿಗೆಯಾಯಿತು. ಗೋಡೆ, ಗಾರೆ, ಕಮಾನುಗಳು ಚೆನ್ನಾಗಿ ಉಳಿದಿವೆ. ಒಳಗೆ ಹಾಡುವವರಿಲ್ಲ.

ಈ ಉದಾಹರಣೆಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇವುಗಳಲ್ಲಿ ಕೆಲವು ಮೊದಲು ಸಿನಿಮಾಕ್ಕೆಂದೇ ಕಟ್ಟಿದವಲ್ಲ. ಬೆಂಗಳೂರಿನ ಆಪೆರಾ ಹೌಸ್ ಕೂಡ ಸಂಗೀತ, ನಾಟಕಗಳ ಮನೆಯಾಗಿದ್ದು ಬಳಿಕ ಸಿನಿಮಾಕ್ಕೆ ತಿರುಗಿತು. ಕಂಪನಿ ನಾಟಕಗಳ ಕಾಲದ ಎಷ್ಟೋ ಥಿಯೇಟರುಗಳು ಟಾಕಿ ಚಿತ್ರ ಬಂದ ಮೇಲೆ ಬಿಳಿ ಪರದೆ ಕಟ್ಟಿಕೊಂಡವು. ಅಂದರೆ ಈ ಬಗೆಯ ಕಟ್ಟಡ ಒಮ್ಮೆ ಕಸುಬು ಬದಲಾಯಿಸಿದ್ದಿದೆ. ಇನ್ನೊಮ್ಮೆ ಬದಲಾಯಿಸಿದರೆ ಅಪಚಾರವೇನೂ ಇಲ್ಲ.

ಹಾಗಾದರೆ ದಕ್ಷಿಣ ಕನ್ನಡದ ಸಣ್ಣ ಪೇಟೆಯ ಟಾಕೀಸು ಏನಾಗಬೇಕು? ಕಲ್ಯಾಣ ಮಂಟಪ ಎಂಬುದು ಎಲ್ಲರ ಬಾಯಿಗೂ ಥಟ್ಟನೆ ಬರುವ ಉತ್ತರ. ಇಲ್ಲಿ ಅದು ತಪ್ಪು ಉತ್ತರ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಯ ರಸ್ತೆಗಳಲ್ಲಿ ಹೋದರೆ ದೇವಸ್ಥಾನಕ್ಕೊಂದು ಸಭಾಭವನ, ಇಗರ್ಜಿಗೊಂದು ಹಾಲ್, ಬಂಟರ ಸಂಘಕ್ಕೊಂದು, ಬಿಲ್ಲವ ಸಂಘಕ್ಕೊಂದು ಭವನ ಕಾಣುತ್ತವೆ. ಮದುವೆಗೆ ಜಾಗವಿಲ್ಲವೆಂದು ಈ ಸೀಮೆಯಲ್ಲಿ ಯಾರೂ ಕೊರಗುತ್ತಿಲ್ಲ. ಈ ಭವನಗಳ ಸೇವೆ ದೊಡ್ಡದು. ಅನ್ಯರಿಗೂ ಅವು ಬಾಡಿಗೆಗೆ ಸಿಗುತ್ತವೆ. ಆದರೂ ಪ್ರತಿಯೊಂದರ ಬಾಗಿಲ ಮೇಲೆ ಒಂದು ಸಮುದಾಯದ ಹೆಸರಿದೆ, ಒಳಗೆ ಒಂದು ಆಡಳಿತ ಮಂಡಳಿ ಇದೆ, ಇಂಥ ಕಾರ್ಯಕ್ರಮ ನಡೆಯಬಹುದು ಇಂಥದ್ದು ಬೇಡ ಎಂಬ ಹೇಳದ ಗೆರೆಯೂ ಇದೆ.

ಟಾಕೀಸಿನ ಬಾಗಿಲು ಅಂಥದ್ದಾಗಿರಲಿಲ್ಲ. ಅಲ್ಲಿ ಗಾಂಧಿ ಕ್ಲಾಸು, ಬಾಲ್ಕನಿ ಎಂಬ ದರ್ಜೆಗಳಿದ್ದವು, ಆದರೆ ಅವು ದುಡ್ಡಿನ ದರ್ಜೆಗಳು. ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬ ಲೆಕ್ಕ ಗಟ್ಟಿಯಾಗಿದ್ದ ಕಾಲದಲ್ಲೂ ಟಿಕೆಟ್ ಹರಿದುಕೊಡುವವನು ಯಾರ ಕುಲವನ್ನೂ ಕೇಳಲಿಲ್ಲ. ಕತ್ತಲೆಯಲ್ಲಿ ಬೀಡಿ ಕಟ್ಟುವವರೂ ಬೀಡಿ ಕಂಪನಿಯ ಗುಮಾಸ್ತರೂ ಒಂದೇ ಕಡೆಗೆ ಮುಖ ಮಾಡಿ ಕೂತರು, ಒಂದೇ ಮಾತಿಗೆ ನಕ್ಕರು. ಅದೊಂದು ಪರಿಪೂರ್ಣ ಸಾರ್ವಜನಿಕ ಜಾಗವಾಗಿತ್ತೆಂದು ಹೇಳಲಾಗದು. ಸೆಕೆಂಡ್ ಷೋಗೆ ಒಬ್ಬಂಟಿ ಹೆಂಗಸು ಹೋಗುವ ಧೈರ್ಯ ಮಾಡುತ್ತಿರಲಿಲ್ಲ. ಆದರೂ ಊರಿನಲ್ಲಿ ಹೆಚ್ಚು ಕಡಿಮೆ ಎಲ್ಲರದ್ದೂ ಆಗಿದ್ದ, ಯಾರೊಬ್ಬರದೂ ಆಗಿರದಿದ್ದ ಸೂರು ಅದೊಂದೇ. ಧರ್ಮ, ಜಾತಿಗಳ ಗೆರೆ ದಿನದಿಂದ ದಿನಕ್ಕೆ ದಪ್ಪವಾಗುತ್ತಿರುವ ಕರಾವಳಿಯಲ್ಲಿ ಅದನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಹೊಸ ಉಪಯೋಗ ಯಾವುದೇ ಇರಲಿ, ಟಿಕೆಟ್ ತೆಗೆದುಕೊಂಡ ಯಾರಾದರೂ ಒಳಗೆ ಬರಬಹುದೆಂಬ ಈ ಗುಣ ಉಳಿಯಬೇಕು.

ಇನ್ನೊಂದು ಕಾರಣ ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ನೇಮಗಳು ನಿಲ್ಲುತ್ತವೆ. ಮತ್ತೆ ರಂಗಸ್ಥಳ ಏಳುವುದು ದೀಪಾವಳಿಯ ಆಸುಪಾಸಿನಲ್ಲಿ. ಈ ನಾಡಿನ ಆಟ, ನಾಟಕಗಳೆಲ್ಲ ಬಯಲನ್ನೇ ನಂಬಿಕೊಂಡು ಬೆಳೆದಿರುವುದರಿಂದ ವರ್ಷದ ಅರ್ಧ ಭಾಗ ಅವಕ್ಕೆ ನೆಲೆಯೇ ಇಲ್ಲ. ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗುತ್ತಾರೆ. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಗಳು ಸಿಕ್ಕ ಜಗಲಿ, ಸಿಕ್ಕ ಸಭಾಭವನದಲ್ಲಿ ನಡೆಯುತ್ತವೆ. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ಗೆ ಸೇರುವ ಸಾವಿರಾರು ಜನರನ್ನು ಕಂಡವರಿಗೆ ಈ ಪೇಟೆಗೆ ಪ್ರೇಕ್ಷಕರ ಬರವಿಲ್ಲ ಎಂಬುದು ಗೊತ್ತು. ಆದರೆ ಅದು ವರ್ಷಕ್ಕೊಮ್ಮೆ, ಮಳೆಯಿಲ್ಲದ ದಿನಗಳಲ್ಲಿ, ವಿಶಾಲ ಬಯಲಿನಲ್ಲಿ ನಡೆಯುವ ಉತ್ಸವ. ಬೆಳುವಾಯಿಯ ಯಕ್ಷದೇವ ಮಿತ್ರ ಕಲಾ ಮಂಡಳಿಯಂಥ ಸಣ್ಣ ಸಂಘಕ್ಕೆ ಬೇಕಿರುವುದು ಆಷಾಢದ ಒಂದು ಸಂಜೆ, ಇನ್ನೂರು ಕುರ್ಚಿ, ಸೋರದ ಸೂರು, ಕೈಗೆಟುಕುವ ಬಾಡಿಗೆ.

ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೂ ಯಕ್ಷಗಾನದಲ್ಲೇ ಉತ್ತರದ ಸುಳಿವಿದೆ. ಒಂದು ಕಾಲಕ್ಕೆ ಡೇರೆ ಮೇಳಗಳು ಟಿಕೆಟ್ ಮಾರಿ ಊರೂರು ತಿರುಗಿದವು. ಸುರತ್ಕಲ್ ಮೇಳ, ಕರ್ನಾಟಕ ಮೇಳಗಳ ತುಳು ಪ್ರಸಂಗಗಳಿಗೆ ಜನ ಕಿಕ್ಕಿರಿಯುತ್ತಿದ್ದರು. ಕ್ರಮೇಣ ತೆಂಕುತಿಟ್ಟಿನ ಡೇರೆ ಮೇಳಗಳು ಒಂದೊಂದಾಗಿ ನಿಂತವು. ಯಕ್ಷಗಾನ ಸತ್ತಿತೇ? ಇಲ್ಲ. ಕಟೀಲು ದೇವಸ್ಥಾನಕ್ಕೆ ಆರು ಮೇಳಗಳಿದ್ದಾಗಲೂ ಹರಕೆಯ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಾಯಿತು. ನೋಡುವವರು ಕಡಿಮೆಯಾಗಲಿಲ್ಲ, ಕೊಡುವ ಕ್ರಮ ಬದಲಾಯಿತು. ಮೊದಲು ನೂರಾರು ಜನ ತಲಾ ಒಂದು ಟಿಕೆಟ್ ಕೊಂಡರು. ಈಗ ಒಬ್ಬ ಸೇವಾಕರ್ತ ಇಡೀ ರಾತ್ರಿಯನ್ನು ಕೊಂಡು ಊರಿಗೆ ಕೊಡುತ್ತಾನೆ. ಟಾಕೀಸು ಕಲಿಯಬೇಕಾದ ಲೆಕ್ಕ ಇದು. ಬರೀ ಕುರ್ಚಿ ಮಾರುತ್ತಾ ಕೂತರೆ ಸೋಮವಾರದ ಮ್ಯಾಟಿನಿ ಖಾಲಿಯೇ. ವಾರದ ಮೂರು ಸಂಜೆಗಳನ್ನು ನಾಟಕ ತಂಡಕ್ಕೆ, ಕಾಲೇಜಿಗೆ, ಸಹಕಾರಿ ಬ್ಯಾಂಕಿನ ವಾರ್ಷಿಕೋತ್ಸವಕ್ಕೆ ಇಡಿಯಾಗಿ ಕೊಟ್ಟು, ಉಳಿದ ದಿನ ಸಿನಿಮಾ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ತುಳು ನಾಟಕಕ್ಕಂತೂ ಇಲ್ಲಿ ಟಿಕೆಟ್ ಕೊಂಡು ಬರುವ ಪ್ರೇಕ್ಷಕರಿದ್ದಾರೆ. ತುಳು ಚಿತ್ರರಂಗಕ್ಕೆ ಮರುಜೀವ ಕೊಟ್ಟ 2011ರ ‘ಒರಿಯರ್ದೊರಿ ಅಸಲ್’ ಕೂಡ ಮೊದಲು ರಂಗದ ಮೇಲೆ ಗೆದ್ದು ಆಮೇಲೆ ಪರದೆಗೆ ಬಂದದ್ದು. ನಾಟಕ, ಸಿನಿಮಾ ಎರಡೂ ಒಂದೇ ಸೂರಿನಡಿ ಇರುವುದು ಈ ಊರುಗಳಿಗೆ ಸಹಜ.

ಕಟ್ಟಡ ಒಪ್ಪುತ್ತದೆಯೇ ಎಂಬುದನ್ನು ಮಾತ್ರ ಕಣ್ಣು ತೆರೆದು ನೋಡಬೇಕು. ಟಾಕೀಸಿನ ನೆಲ ಇಳಿಜಾರು. ಹಿಂದೆ ಕೂತವರಿಗೂ ರಂಗ ಕಾಣುತ್ತದೆ, ಇದು ಬಹುತೇಕ ಸಭಾಭವನಗಳಲ್ಲಿ ಇಲ್ಲದ ಅನುಕೂಲ. ಪರದೆಯ ಹಿಂದೆ ಸ್ಪೀಕರ್ ನಿಲ್ಲಿಸಲು ಬಿಟ್ಟ ಜಾಗವಿರುತ್ತದೆ. ಮುಂದಿನ ನಾಲ್ಕೈದು ಸಾಲು ಕುರ್ಚಿ ತೆಗೆದರೆ ರಂಗಕ್ಕೆ ಆಳ ಸಿಗುತ್ತದೆ. ವೇಷ ಕಟ್ಟುವ ಚೌಕಿಗೆ ಬದಿಯಲ್ಲಿ ಒಂದು ಕೋಣೆ ಕಟ್ಟಬೇಕು. ದೊಡ್ಡ ತೊಡಕು ಮೇಲೆ ಇದೆ. ಬಹಳಷ್ಟು ಟಾಕೀಸುಗಳ ಸೂರು ಶೀಟಿನದ್ದು. ಆಟಿ ತಿಂಗಳ ಮಳೆ ಶೀಟಿನ ಮೇಲೆ ಬಿದ್ದರೆ ಅರ್ಥಧಾರಿಯ ಮಾತು ಎರಡನೇ ಸಾಲಿಗೂ ತಲುಪದು. ಸಿನಿಮಾದಲ್ಲಿ ಸೌಂಡ್ ಏರಿಸಿ ನಿಭಾಯಿಸುತ್ತಿದ್ದರು. ತಾಳಮದ್ದಳೆಗೆ ಅದು ಆಗದು. ಸೂರಿನ ಕೆಳಗೆ ಸದ್ದು ಹೀರುವ ಒಳಮಾಡು ಹಾಕಿಸುವ ಖರ್ಚು ಮೊದಲ ಖರ್ಚಾಗಬೇಕು, ಬಣ್ಣ ಬಳಿಯುವುದಲ್ಲ. ಎರಡನೆಯದು ವೈರಿಂಗ್ ಮತ್ತು ಹೊರಬಾಗಿಲು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನ ಸತ್ತದ್ದು ಹೊಗೆಯಲ್ಲಿ ಹೊರಬರಲು ದಾರಿ ಸಿಗದೆ. ಹಳೆಯ ಕಟ್ಟಡವನ್ನು ಪ್ರೀತಿಸುವವರು ಈ ವಿಷಯದಲ್ಲಿ ಕಿಂಚಿತ್ತೂ ಸಡಿಲ ಬಿಡಬಾರದು.

ಬಾಲ್ಕನಿಯನ್ನು ಗೋಡೆ ಹಾಕಿ ಬೇರ್ಪಡಿಸಿದರೆ ನೂರು ಜನ ಕೂರುವ ಪುಟ್ಟ ಚಿತ್ರಮಂದಿರ. ಹಳ್ಳಿಯಲ್ಲಿ ಗಂಭೀರ ಸಿನಿಮಾ ಯಾರು ನೋಡುತ್ತಾರೆ ಎನ್ನುವವರು ಹೆಗ್ಗೋಡನ್ನು ನೆನೆಯಬೇಕು. ಅಡಕೆ ತೋಟಗಳ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ, 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಕಟ್ಟಿಕೊಂಡು, ಮರುವರ್ಷವೇ ಚಿತ್ರ ಸಮಾಜ ಆರಂಭಿಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರಿಗೆ ತೋರಿಸಿದರು, ಅವರೊಂದಿಗೆ ಕೂತು ಚರ್ಚಿಸಿದರು. ನೀನಾಸಂ ಬೆಳೆದದ್ದು ಒಂದೇ ಸೂರಿನಡಿ ಹಲವು ಕೆಲಸ ನಡೆದದ್ದರಿಂದ. ಇಂಗ್ಲೆಂಡಿನ ಬರ್ಕಮ್‌ಸ್ಟೆಡ್ ಎಂಬ ಸಣ್ಣ ಪೇಟೆಯ ರೆಕ್ಸ್ ಇನ್ನೊಂದು ಪಾಠ ಹೇಳುತ್ತದೆ. 1938ರ ಆ ಟಾಕೀಸು 1988ರಲ್ಲಿ ಮುಚ್ಚಿ, 2004ರಲ್ಲಿ ಮತ್ತೆ ತೆರೆಯಿತು. ಆಸನಗಳನ್ನು ಕಡಿಮೆ ಮಾಡಿ, ಕೆಳಗಡೆ ಮೇಜು, ಕುರ್ಚಿ ಹಾಕಿದರು. ದೊಡ್ಡದನ್ನು ತುಂಬಿಸಲು ಹೆಣಗುವ ಬದಲು ತುಂಬುವಷ್ಟಕ್ಕೆ ಇಳಿಸಿಕೊಂಡರು.

ಸರ್ಕಾರದ ಪಾಲೂ ಇದೆ. ಫ್ರಾನ್ಸಿನಲ್ಲಿ ಪ್ರತಿ ಸಿನಿಮಾ ಟಿಕೆಟ್ಟಿನ ಶೇ 10.72ರಷ್ಟು ಒಂದು ನಿಧಿಗೆ ಹೋಗಿ, ಅದರಿಂದ ಸಣ್ಣ ಪೇಟೆಗಳ ಚಿತ್ರಮಂದಿರಗಳಿಗೂ ನೆರವು ಬರುತ್ತದೆ. ಕರ್ನಾಟಕ 2024ರಲ್ಲಿ ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರಷ್ಟು ಸೆಸ್ ವಿಧಿಸುವ ಕಾನೂನು ತಂದಿದೆ. ಅದು ಕಲಾವಿದರು, ಕಾರ್ಮಿಕರ ಕ್ಷೇಮಕ್ಕೆ, ಅದು ಹಾಗೆಯೇ ಇರಬೇಕು. ಆದರೆ ಒಟಿಟಿಯಿಂದಲೇ ಹೊಡೆತ ತಿಂದ ತಾಲ್ಲೂಕು ಟಾಕೀಸಿಗೆ ಒಳಮಾಡು ಹಾಕಿಸಲು ಸಾಲವಾದರೂ ಸಿಗುವ ದಾರಿ ಮಾಡುವುದು ಅಂಥ ದೊಡ್ಡ ಮಾತಲ್ಲ. 2025ರಲ್ಲಿ ಸಿನಿಮಾ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದ ಆದೇಶ ಹೈಕೋರ್ಟಿನ ತಡೆಗೆ ಸಿಲುಕಿತು. ನೂರು ರೂಪಾಯಿಯ ಆಸುಪಾಸಿನಲ್ಲಿ ಟಿಕೆಟ್ ಮಾರುವ ಮೂಡುಬಿದಿರೆಯಂಥ ಕಡೆಗೆ ಆ ಜಗಳದಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನೂರು ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದೇ ಹೆಚ್ಚು ಪ್ರಯೋಜನದ್ದು.

ಮಾಲೀಕರ ಮಾತು ಕೇಳದೆ ಈ ಚರ್ಚೆ ಮುಗಿಯದು. ಹೆದ್ದಾರಿ ಬದಿಯ ಜಾಗಕ್ಕೆ ಬಂಗಾರದ ಬೆಲೆ ಬಂದಿರುವಾಗ ಊರಿನ ಒಳಿತಿಗಾಗಿ ನಷ್ಟ ಮಾಡಿಕೊಳ್ಳಿ ಎನ್ನಲು ಯಾರಿಗೂ ಹಕ್ಕಿಲ್ಲ. ಟಾಕೀಸಿನ ಮುಂದಿನ ಅಂಗಳವೇ ಇಲ್ಲಿ ನೆರವಿಗೆ ಬರುತ್ತದೆ. ರಸ್ತೆಗೆ ಮುಖ ಮಾಡಿ ಅಂಗಡಿ ಸಾಲು ಕಟ್ಟಿಕೊಳ್ಳಲಿ, ಆ ಬಾಡಿಗೆ ಪೂರ್ತಿ ಮಾಲೀಕರಿಗೇ ಇರಲಿ. ಹಿಂದಿನ ಸಭಾಂಗಣವನ್ನು ಹತ್ತು ವರ್ಷದ ಕರಾರಿಗೆ ಪುರಸಭೆಯೋ ಕಲಾವಿದರ ಸಂಘಗಳು ಸೇರಿ ಕಟ್ಟಿದ ಟ್ರಸ್ಟೋ ವಹಿಸಿಕೊಳ್ಳಲಿ. ಟ್ರಸ್ಟಿನಲ್ಲಿ ಒಂದೇ ಸಮುದಾಯದವರು ತುಂಬಿಕೊಳ್ಳದಂತೆ ಕರಾರಿನಲ್ಲೇ ಬರೆಯಬೇಕು. ಹೊರಗಿಟ್ಟವರು ಯಾರೆಂಬುದು ಆಮೇಲೆ ಗೊತ್ತಾದರೆ ಸರಿಪಡಿಸುವುದು ಕಷ್ಟ.

ಮಾತುಕತೆ ಶುರುವಾಗಬೇಕಾದ ಹೊತ್ತೂ ಮುಖ್ಯ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಟಾಕೀಸಿಗೆ ಪರವಾನಗಿ ಕೊಡುವವರು ಜಿಲ್ಲಾಡಳಿತದವರು. ನಡೆಯುತ್ತಿರುವ ಟಾಕೀಸು ಪರವಾನಗಿಯನ್ನು ನವೀಕರಿಸುತ್ತಾ ಹೋಗಬಹುದು. ಕೊನೆಯ ಆಟ ಮುಗಿಸಿ ವರ್ಷಗಟ್ಟಲೆ ಬೀಗ ಬಿದ್ದ ಮೇಲೆ ಮತ್ತೆ ತೆರೆಯಹೊರಟರೆ ಅಗ್ನಿಶಾಮಕ, ವಿದ್ಯುತ್, ಲೋಕೋಪಯೋಗಿ ಇಲಾಖೆಗಳ ತಪಾಸಣೆಯೆಲ್ಲ ಮೊದಲಿನಿಂದ ಆಗಬೇಕು. ಅಷ್ಟರಲ್ಲಿ ಎರಡು ಮಳೆಗಾಲ ಕಂಡ ಶೀಟು ಸೋರಿರುತ್ತದೆ, ಕುರ್ಚಿಗಳಿಗೆ ಗೆದ್ದಲು ಹಿಡಿದಿರುತ್ತದೆ. ಆದ್ದರಿಂದ ಪುರಸಭೆಯ ಸದಸ್ಯರೂ ಕಲಾಸಂಘಗಳ ಕಾರ್ಯದರ್ಶಿಗಳೂ ಮಾಲೀಕರ ಮನೆಗೆ ಹೋಗಬೇಕಾದದ್ದು ಇನ್ನೂ ವಾರಕ್ಕೊಂದು ಪೋಸ್ಟರ್ ಅಂಟುತ್ತಿರುವಾಗ, ಬರುವ ಪತ್ತನಾಜೆಗೆ ಮೊದಲು.