‘ಸಾಗಣೆ ಉಚಿತ’ ಎಂಬ ಮಾತಿನ ಬೆಲೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಪರಸ್ಥಳದ ಸರಕನ್ನು ಮನೆಯ ಬಾಗಿಲಿಗೆ ತರಿಸಿಕೊಳ್ಳುವುದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ೫೭೧೧೦೫, ೫೭೧೧೦೭, ೫೭೧೬೦೨, ೫೭೧೧೧೪ ಎಂಬ ಪಿನ್‌ಕೋಡುಗಳನ್ನು ಹೊತ್ತ ಕಟ್ಟುಗಳು ದಿನಂಪ್ರತಿ ಬರುತ್ತಲೇ ಇವೆ. ಅವುಗಳೊಡನೆ ಬರುವ ‘ಸಾಗಣೆ ಉಚಿತ’ ಎಂಬ ಎರಡು ಮಾತುಗಳನ್ನು ಮಾತ್ರ ಮಹಾಜನರು ಸಾಕಷ್ಟು ವಿಮರ್ಶಿಸಿ ನೋಡಿದಂತೆ ತೋರುವುದಿಲ್ಲ. ಆನ್‌ಲೈನಿನಲ್ಲಿ ಮಾರುವವರು ಸಾಗಣೆಯ ವೆಚ್ಚವನ್ನು ಬೆಲೆಯೊಳಗೆ ಅಡಗಿಸಿ ಉಚಿತವೆನ್ನಬೇಕೋ, ಬೇರೆಯಾಗಿ ತೋರಿಸಿ ವಸೂಲು ಮಾಡಬೇಕೋ ಎಂಬುದು ಮೇಲ್ನೋಟಕ್ಕೆ ವರ್ತಕರ ಲೆಕ್ಕದ ಪುಸ್ತಕಕ್ಕೆ ಸೇರಿದ ಪ್ರಶ್ನೆ. ಆದರೆ ನಮ್ಮ ಊರುಗಳ ಅಂಗಡಿಬೀದಿ ಬಾಳುವುದೂ, ನಮ್ಮ ಕಾಡಂಚಿನ ಉತ್ಪನ್ನಗಳು ಪಟ್ಟಣವನ್ನು ಮುಟ್ಟುವುದೂ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುತ್ತವೆ.

ಹೊರೆ ಹೊತ್ತವನಿಗೆ ಕೂಲಿ ಸಲ್ಲಲೇಬೇಕು. ಸರಕು ತಾನಾಗಿ ನಡೆದು ಬರುವುದಿಲ್ಲ. ಆ ಕೂಲಿಯನ್ನು ಕೊಳ್ಳುವವನು ಕೊಡದಿದ್ದರೆ ಮಾರುವವನು ಕೊಡಬೇಕು. ಇಬ್ಬರೂ ಕೊಡದಿದ್ದರೆ ನಡುವಿನ ದೊಡ್ಡ ಕಂಪೆನಿ ತನ್ನ ಬಂಡವಾಳದಿಂದ ಕೆಲವು ಕಾಲ ಕೊಟ್ಟು, ಅನಂತರ ಇಬ್ಬರಿಂದಲೂ ಹಿಂದಕ್ಕೆ ಪಡೆಯಬೇಕು. ಅಮೆಜಾನ್ ಸಂಸ್ಥೆಯು ೨೦೧೬ರಲ್ಲಿ ಈ ದೇಶದಲ್ಲಿ ‘ಪ್ರೈಮ್’ ಚಂದಾದಾರಿಕೆಯನ್ನು ಆರಂಭಿಸಿದಾಗ ವರ್ಷದ ರಿಯಾಯಿತಿ ದರ ೪೯೯ ರೂಪಾಯಿ. ೨೦೨೧ರ ಡಿಸೆಂಬರಿನಲ್ಲಿ ಅದು ೧,೪೯೯ ರೂಪಾಯಿಗೆ ಏರಿತು. ಆ ಚಂದಾದಲ್ಲಿ ಬೇರೆ ಸವಲತ್ತುಗಳೂ ಕೂಡಿವೆಯೆಂಬುದು ನಿಜ. ಆದರೂ ಉಚಿತವೆಂಬುದಕ್ಕೆ ಚಂದಾ ಕಟ್ಟಬೇಕಾಗಿದೆಯೆಂದ ಮೇಲೆ ಅದು ಎಂತಹ ಉಚಿತವೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಉಚಿತ ಸಾಗಣೆಯ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲವೆಂದಲ್ಲ. ಅದರಲ್ಲಿ ಬಲವಾದದ್ದು ಸಮಾನತೆಯ ಮಾತು. ೧೮೫೪ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆ ಇಲಾಖೆಯು ದೂರದ ಲೆಕ್ಕವನ್ನು ಕೈಬಿಟ್ಟು, ಹಗುರವಾದ ಕಾಗದಕ್ಕೆ ಎಲ್ಲಿಂದೆಲ್ಲಿಗಾದರೂ ಅರ್ಧಾಣೆಯೆಂದು ಗೊತ್ತುಮಾಡಿತು. ನಮ್ಮ ಮೈಸೂರು ಅಂಚೆಯೂ ೧೮೮೯ರಲ್ಲಿ ಅದರೊಡನೆ ಸೇರಿತು. ಮೂಲೆಯ ಹಳ್ಳಿಗೂ ರಾಜಧಾನಿಗೂ ಒಂದೇ ದರವೆಂಬ ಆ ಏರ್ಪಾಡಿನಿಂದ ದೇಶಕ್ಕೆ ಆದ ಉಪಕಾರ ಅಪಾರ. ಹೆಗ್ಗಡದೇವನಕೋಟೆಯ ಹಾಡಿಯವನು ಬೆಂಗಳೂರಿನವನಿಗಿಂತ ಹೆಚ್ಚು ತೆತ್ತು ಅದೇ ಸರಕನ್ನು ಏಕೆ ಕೊಳ್ಳಬೇಕು ಎಂದು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಆದರೆ ಅಂಚೆಯ ಸಮಾನ ದರಕ್ಕೂ ಕಂಪೆನಿಯ ಉಚಿತ ಸಾಗಣೆಗೂ ಇರತಕ್ಕ ಭೇದವನ್ನು ಮರೆಯಬಾರದು. ಮೊದಲನೆಯದು ಶಾಸನದ ಬಲದಿಂದ ಸರ್ವರಿಗೂ ದೊರೆತ ಹಕ್ಕು. ಎರಡನೆಯದು ವರ್ತಕನ ಅನುಗ್ರಹ. ಆತನು ಲಾಭ ಕಾಣದ ದಿನ ‘ಈ ಪಿನ್‌ಕೋಡಿಗೆ ಸರಬರಾಜು ಇಲ್ಲ’ ಎಂದು ಒಂದು ಸಾಲು ಬರೆದರೆ ಮುಗಿಯಿತು, ಕೇಳುವವರಿಲ್ಲ. ನಿಜವಾದ ವೆಚ್ಚವನ್ನು ತೆರಲು ಗಿರಾಕಿ ಸಿದ್ಧನಿದ್ದರೂ, ತೆರುವುದಕ್ಕೆ ಮಾರ್ಗವೇ ಇಲ್ಲದಂತೆ ಆಗುವುದು ದೂರದ ಹಳ್ಳಿಗೆ ಉಪಕಾರವೆ?

ದೂರವನ್ನು ಲೆಕ್ಕದಿಂದ ಅಳಿಸಿಹಾಕಿದರೆ ಏನಾಗುತ್ತದೆಂಬುದಕ್ಕೆ ಈ ದೇಶದಲ್ಲಿಯೇ ದೊಡ್ಡ ನಿದರ್ಶನವಿದೆ. ಸ್ವಾತಂತ್ರ್ಯಾನಂತರ ೧೯೫೦ರ ದಶಕದಲ್ಲಿ ಕೇಂದ್ರ ಸರ್ಕಾರವು ಉಕ್ಕು ಮೊದಲಾದ ಮೂಲವಸ್ತುಗಳ ಸಾಗಣೆ ವೆಚ್ಚವನ್ನು ಸಮೀಕರಿಸಿ, ದೇಶದ ಯಾವ ಮೂಲೆಗಾದರೂ ಒಂದೇ ಬೆಲೆಗೆ ಮುಟ್ಟಿಸುವ ನೀತಿಯನ್ನು ಕೈಗೊಂಡಿತು. ಉದ್ದೇಶ ಒಳ್ಳೆಯದೇ. ಆದರೆ ಗಣಿಗಳ ಮಗ್ಗುಲಲ್ಲಿದ್ದ ಬಿಹಾರ, ಬಂಗಾಳಗಳಿಗೆ ಪ್ರಕೃತಿಯಿಂದ ಬಂದಿದ್ದ ಅನುಕೂಲ ಆ ಒಂದು ಲೆಕ್ಕದಿಂದ ಹಾರಿಹೋಯಿತು. ಕಾರ್ಖಾನೆಗಳು ಅನ್ಯಪ್ರಾಂತಗಳಿಗೆ ಹೋದವು. ೧೯೯೦ರ ದಶಕದ ಆದಿಯಲ್ಲಿ ಆ ನೀತಿಯನ್ನು ಕೈಬಿಡುವ ವೇಳೆಗೆ ನಷ್ಟವು ನೆಲೆಯೂರಿತ್ತು. ಹತ್ತಿರದವನಿಗೆ ಹತ್ತಿರವಿರುವುದೇ ಆಸ್ತಿ. ಅದನ್ನು ಲೆಕ್ಕದಲ್ಲಿ ಕಾಣಿಸದಂತೆ ಮಾಡಿದರೆ ಆ ಆಸ್ತಿಯನ್ನು ಕಿತ್ತುಕೊಂಡಂತೆಯೇ.

ಈ ಮಾತನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡೋಣ. ೨೦೨೫ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ಸ್ಪೀಡ್ ಪೋಸ್ಟ್ ದರಪಟ್ಟಿಯಲ್ಲಿ ಅರ್ಧ ಕಿಲೋ ತೂಕದ ಕಟ್ಟಿಗೆ, ತೆರಿಗೆ ಹೊರತು, ಸ್ಥಳೀಯವಾಗಿ ೨೮ ರೂಪಾಯಿ; ೨೦೦ ಕಿಲೋಮೀಟರಿನೊಳಗೆ ೭೦ ರೂಪಾಯಿ; ೨,೦೦೦ ಕಿಲೋಮೀಟರನ್ನು ಮೀರಿದರೆ ೯೩ ರೂಪಾಯಿ. ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ದೂರವು ಹತ್ತು ಮಡಿಯಾದರೂ ದರ ಏರುವುದು ಮೂರರಲ್ಲೊಂದು ಪಾಲು ಮಾತ್ರ. ಊರಿನ ಗಡಿ ದಾಟುವಾಗಲಾದರೋ ಒಮ್ಮೆಗೇ ೪೨ ರೂಪಾಯಿ ಏರುತ್ತದೆ. ಎಂದರೆ, ಸಾಗಣೆಯ ವೆಚ್ಚ ಕಣ್ಣಿಗೆ ಕಾಣುವಂತಿದ್ದರೆ ಹುಣಸೂರಿನ ಗಿರಾಕಿಯ ಮುಂದೆ ಹುಣಸೂರಿನ ಅಂಗಡಿಯವನಿಗೆ ೪೨ ರೂಪಾಯಿಯ ಅನುಕೂಲ ನ್ಯಾಯವಾಗಿಯೇ ಇದೆ. ಗಿರಾಕಿಯು ಅಂಗಡಿಗೇ ಬಂದು ಒಯ್ದರೆ ಇನ್ನೂ ಹೆಚ್ಚು. ಅದನ್ನು ಬೆಲೆಯೊಳಗೆ ಅಡಗಿಸಿಬಿಟ್ಟರೆ, ದೂರದ ಗೋದಾಮಿನವನೂ ಎದುರುಬೀದಿಯವನೂ ಗಿರಾಕಿಯ ಕಣ್ಣಿಗೆ ಒಂದೇ ದೂರದಲ್ಲಿ ನಿಂತಂತೆ ಕಾಣುತ್ತಾರೆ.

ಇನ್ನು ಕೊಳ್ಳುವವರೊಳಗೆ ಯಾರ ಹೊರೆಯನ್ನು ಯಾರು ಹೊರುತ್ತಿದ್ದಾರೆಂಬುದನ್ನೂ ವಿಚಾರಮಾಡಬೇಕು. ‘ಇಷ್ಟು ರೂಪಾಯಿಗೆ ಮೇಲ್ಪಟ್ಟರೆ ಉಚಿತ’ ಎಂಬುದು ಸಾಮಾನ್ಯವಾದ ಪದ್ಧತಿ. ನೂರೈವತ್ತು ರೂಪಾಯಿಯ ಸಾಮಾನು ತರಿಸುವ ಕೂಲಿಗಾರನು ಬಾಡಿಗೆ ತೆರುತ್ತಾನೆ. ಸಾವಿರದೈನೂರರ ಸಾಮಾನು ತರಿಸುವ ಅಧಿಕಾರಿಗೆ ಬಾಡಿಗೆ ಇಲ್ಲ. ಎಲ್ಲವನ್ನೂ ಉಚಿತವೆಂದು ಬೆಲೆಯೊಳಗೆ ಸೇರಿಸಿದರೆ ಬೇರೊಂದು ವಿಪರೀತ ಒದಗುತ್ತದೆ. ಭಾವಿಸೋಣ: ಒಬ್ಬನು ೩೦೦ ರೂಪಾಯಿಯ ಪದಾರ್ಥಕ್ಕೆ ೭೦ ರೂಪಾಯಿ ಸಾಗಣೆ ಸೇರಿಸಿ ೩೭೦ ಎಂದು ಬರೆಯುತ್ತಾನೆ. ನಾಲ್ಕನ್ನು ಕೂಡಿಸಿ ಕೊಂಡ ಗೃಹಸ್ಥನು ೨೮೦ ರೂಪಾಯಿ ಸಾಗಣೆ ತೆತ್ತಂತಾಯಿತು. ಆದರೆ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಬಂದಾಗ ತಗಲುವ ವೆಚ್ಚ ನಾಲ್ಕು ಬಿಡಿ ಕಟ್ಟುಗಳಿಗಿಂತ ಕಡಮೆ. ನೆರೆಹೊರೆಯವರು ಕೂಡಿ ಒಟ್ಟಿಗೆ ತರಿಸುವ ವಿವೇಕಕ್ಕೆ ಹೀಗೆ ದಂಡ ಬೀಳುತ್ತದೆ.

ಮಾರುವವರ ಪಕ್ಷದಿಂದ ನೋಡಿದರೂ ನಮ್ಮ ಸೀಮೆಗೆ ಇದರ ನೋವು ಹೆಚ್ಚು. ಹೆಗ್ಗಡದೇವನಕೋಟೆಯ ಕಾಡಿನ ಜೇನು, ಸ್ವಸಹಾಯ ಸಂಘದ ಹೆಂಗಸರು ಮಾಡುವ ರಾಗಿಯ ಹುರಿಹಿಟ್ಟು ಮತ್ತು ಸಾರಿನ ಪುಡಿ, ಕೃಷ್ಣರಾಜನಗರದ ಅಕ್ಕಿ, ಇವೆಲ್ಲ ತೂಕ ಹೆಚ್ಚಾಗಿ ಬೆಲೆ ಕಡಮೆಯಾದ ಪದಾರ್ಥಗಳು. ನಾಲ್ಕು ಪಟ್ಟಣಗಳಲ್ಲಿ ರೈಲಿನ ನಿಲ್ದಾಣವಿರುವುದು ಕೃಷ್ಣರಾಜನಗರ ಒಂದಕ್ಕೆ. ಉಳಿದ ಮೂರಕ್ಕೂ ರಸ್ತೆಯೇ ಗತಿ. ದೊಡ್ಡ ಕಂಪೆನಿಯು ಸಾವಿರಾರು ಕಟ್ಟುಗಳನ್ನು ಒಟ್ಟಿಗೆ ಒಪ್ಪಿಸಿ ದರವನ್ನು ಇಳಿಸಿಕೊಳ್ಳಬಲ್ಲದು. ದಿನಕ್ಕೆ ಐದು ಕಟ್ಟು ಕಳುಹಿಸುವ ಸಂಘಕ್ಕೆ ಆ ಶಕ್ತಿಯಿಲ್ಲ. ದೊಡ್ಡವರನ್ನು ನೋಡಿ ಇವರೂ ‘ಉಚಿತ’ವೆಂದರೆ ಆ ಹಣವು ಹೆಂಗಸರ ಕೂಲಿಯಿಂದ ಹೋಗತಕ್ಕದ್ದೇ ಹೊರತು ಬೇರೆಲ್ಲಿಂದಲೂ ಅಲ್ಲ. ಗಿರಾಕಿಯು ಹಣ ಕೊಡದೆ ಕಟ್ಟನ್ನು ಹಿಂದಿರುಗಿಸಿದರಂತೂ ಹೋಗಿಬರುವ ಎರಡು ಬಾಡಿಗೆಯೂ ಇವರ ತಲೆಗೇ. ೧೮೭೭ರಲ್ಲಿ ವಿ.ಪಿ. ಅಂಚೆ ಆರಂಭವಾದಂದಿನಿಂದ ಪುಸ್ತಕ ವ್ಯಾಪಾರಿಗಳು ಈ ಕಷ್ಟವನ್ನು ಅರಿತೇ ‘ಟಪಾಲು ಖರ್ಚು ಪ್ರತ್ಯೇಕ’ ಎಂದು ಪ್ರಕಟಣೆಗಳಲ್ಲಿ ನಿಸ್ಸಂಕೋಚವಾಗಿ ಬರೆಯುತ್ತ ಬಂದರು. ಅದರಿಂದ ಓದುವವರು ಓಡಿಹೋಗಲಿಲ್ಲ.

ಗಿರಾಕಿಯು ಕೊನೆಯ ಗಳಿಗೆಯಲ್ಲಿ ಸಾಗಣೆಯ ವೆಚ್ಚವನ್ನು ಕಂಡು ಕೈಬಿಡುತ್ತಾನೆಂದು ವರ್ತಕರು ಆಕ್ಷೇಪಿಸಬಹುದು. ಅದು ಸತ್ಯ. ಆದರೆ ಆತನಿಗೆ ರೋಷ ಬರುವುದು ವೆಚ್ಚಕ್ಕಲ್ಲ. ಅದನ್ನು ಕೊನೆಯವರೆಗೆ ಬಚ್ಚಿಟ್ಟದ್ದಕ್ಕೆ. ಶಾಸನವೂ ಇದನ್ನೇ ಹೇಳುತ್ತದೆ. ೨೦೨೦ರ ಜುಲೈ ತಿಂಗಳಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರುವವನು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು; ಸಾಗಣೆ, ಅಂಚೆ, ತೆರಿಗೆ ಇತ್ಯಾದಿಗಳ ವಿಂಗಡಣೆಯನ್ನೂ ಕೊಡಬೇಕು. ಮೊದಲು ಒಂದು ಬೆಲೆ ಹೇಳಿ ಅನಂತರ ತೊಟ್ಟುತೊಟ್ಟಾಗಿ ಏರಿಸುವ ತಂತ್ರವನ್ನು ೨೦೨೩ರ ನವೆಂಬರ್ ೩೦ರ ಮಾರ್ಗಸೂಚಿಯು ನಿಷಿದ್ಧವಾದ ೧೩ ಕಪಟಗಳಲ್ಲಿ ಒಂದಾಗಿ ಎಣಿಸಿದೆ. ಇಂತಹ ಮೋಸಕ್ಕೆ ಸಿಕ್ಕಿದವರು ೧೯೧೫ ಎಂಬ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಈ ಎಲ್ಲ ಕಾರಣಗಳಿಂದ, ಸಾಗಣೆಯ ವೆಚ್ಚವನ್ನು ಬೇರೆಯಾಗಿ, ಆದರೆ ಮೊದಲನೆಯ ಸಾಲಿನಲ್ಲಿಯೇ ತೋರಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಬೈಲಕುಪ್ಪೆಯ ಟಿಬೆಟಿಯನ್ನರ ರತ್ನಗಂಬಳಿಯಂತಹ, ಬೆಲೆಯ ಮುಂದೆ ಬಾಡಿಗೆ ಅಲ್ಪವೆನಿಸುವ ಸರಕಿಗೆ ಅದನ್ನು ಬೆಲೆಯಲ್ಲಿ ಸೇರಿಸಿದರೆ ಬಾಧಕವಿಲ್ಲ. ಜೇನು, ಹಿಟ್ಟು, ಅಕ್ಕಿಗಳಿಗೆ ಅದು ಸಲ್ಲದು. ನಮ್ಮ ಸಂಘಗಳವರು ಹೆಚ್ಚು ಕೊಂಡವರಿಗೆ ನಿಜವಾಗಿ ಉಳಿದ ಬಾಡಿಗೆಯಷ್ಟನ್ನು ಬಿಟ್ಟುಕೊಡಲಿ. ಊರಿನವರಿಗೆ ಅಂಗಡಿಯಿಂದಲೇ ಒಯ್ಯುವ ಅನುಕೂಲವನ್ನು ಕಲ್ಪಿಸಲಿ.

ಬಾಗಿಲ ದೂರವನ್ನು ನಿಜವಾಗಿ ಕಡಮೆ ಮಾಡುವ ಹೊಣೆ ಸರ್ಕಾರದ್ದು. ೨೦೨೪ರ ಡಿಸೆಂಬರಿನಲ್ಲಿ ಪುಸ್ತಕದ ರಿಯಾಯಿತಿ ಅಂಚೆಯನ್ನು ನಿಲ್ಲಿಸಿದ ಇಲಾಖೆಯೇ ೨೦೨೫ರ ಮೇ ೧ರಿಂದ ‘ಜ್ಞಾನ ಪೋಸ್ಟ್’ ಎಂಬ ಹೆಸರಿನಲ್ಲಿ ೩೦೦ ಗ್ರಾಮಿನ ಪುಸ್ತಕಕ್ಕೆ ೨೦ ರೂಪಾಯಿ, ೫ ಕಿಲೋಗೆ ೧೦೦ ರೂಪಾಯಿಯೆಂದು ದರ ಗೊತ್ತುಮಾಡಿತು. ಪುಸ್ತಕಕ್ಕೆ ಸಾಧ್ಯವಾದದ್ದು ಹಳ್ಳಿಯ ಸಂಘಗಳು ಮೊಹರು ಮಾಡಿ ಕಳುಹಿಸುವ ಹಿಟ್ಟು ಜೇನುಗಳಿಗೂ ಏಕೆ ಸಾಧ್ಯವಾಗಬಾರದು? ಲೆಕ್ಕವನ್ನು ಮರೆಮಾಡುವ ಉಚಿತಕ್ಕಿಂತ, ಲೆಕ್ಕವನ್ನು ತೆರೆದಿಟ್ಟು ಇಳಿಸುವ ದರವೇ ನಮ್ಮ ತಾಲ್ಲೂಕುಗಳಿಗೆ ಹಿತ. ಅಂಚೆಯ ಅಧಿಕಾರಿಗಳೂ ನಮ್ಮ ಪ್ರತಿನಿಧಿಗಳೂ ಈ ಕಡೆಗೆ ಲಕ್ಷ್ಯವಿಡುವರೆಂದು ಆಶಿಸುತ್ತೇವೆ.