ಶಬ್ದವಿಚಾರ: ‘ಬರ್ಬರ’

ಹುಲಿಯನ್ನು ‘ಕ್ರೂರ ಮೃಗ’ವೆನ್ನುತ್ತೇವೆ, ‘ಬರ್ಬರ ಮೃಗ’ವೆಂದು ಯಾರೂ ಹೇಳುವುದಿಲ್ಲ. ಹಸಿದಾಗ ಕೊಲ್ಲುವುದು ಹುಲಿಯ ಸ್ವಭಾವ. ನಯನೀತಿಗಳನ್ನು ಅರಿಯಬೇಕಾದ ಮನುಷ್ಯನು ಅವನ್ನು ತೊರೆದು ಹಿಂಸೆಗೆ ಇಳಿದಾಗ ಮಾತ್ರ ‘ಬರ್ಬರ’ವೆಂಬ ಶಬ್ದವು ಸಲ್ಲುತ್ತದೆ. ಬರ್ಬರತೆಯೆಂದರೆ ಬರಿಯ ಕ್ರೌರ್ಯವಲ್ಲ, ಸಂಸ್ಕಾರಗೆಟ್ಟ ಕ್ರೌರ್ಯ.

ಆದರೆ ಈ ಶಬ್ದದ ಮೂಲದಲ್ಲಿ ಕ್ರೌರ್ಯದ ಸೋಂಕೇ ಇಲ್ಲವೆಂಬುದು ಆಶ್ಚರ್ಯಕರವಾದ ಸಂಗತಿ. ಸಂಸ್ಕೃತದಲ್ಲಿ ‘ಬರ್ಬರ’ವೆಂಬುದಕ್ಕೆ ತೊದಲುವವನೆಂಬ ಅರ್ಥವುಂಟು. ಋಕ್‌ಪ್ರಾತಿಶಾಖ್ಯವು ರೇಫದ ಉಚ್ಚಾರಣೆಯಲ್ಲಿನ ಒಂದು ದೋಷವನ್ನು ‘ಬರ್ಬರತಾ’ ಎಂದು ಕರೆದಿದೆ. ಗ್ರೀಕರ ‘ಬಾರ್ಬರೋಸ್’ ಎಂಬ ಶಬ್ದವೂ ಇದೇ ಬಗೆಯದು. ಪರಭಾಷೆಯು ಅವರ ಕಿವಿಗೆ ‘ಬರ್ ಬರ್’ ಎಂದು ಕೇಳಿಸಿತು. ಅದನ್ನು ಆಡುವವರಿಗೆ ಅದೇ ಹೆಸರಾಯಿತು. ನಮ್ಮ ಮಹಾಭಾರತದಲ್ಲಿಯೂ ಶಕಯವನರೊಡನೆ ಬರ್ಬರರೆಂಬ ಜನರ ಹೆಸರು ಬರುತ್ತದೆ. ‘ಮ್ಲೇಚ್ಛ’ ಶಬ್ದದ ಕಥೆಯೂ ಬೇರೆಯಲ್ಲ. ಅದು ಮೊದಲು ಸೂಚಿಸಿದುದು ಅಸ್ಪಷ್ಟವಾದ, ಅಶುದ್ಧವಾದ ನುಡಿಯನ್ನೇ.

ಹೀಗೆ, ನಮಗೆ ತಿಳಿಯದ ಮಾತನ್ನಾಡುವವನು ಮೊದಲು ತೊದಲನಾದನು, ಅನಂತರ ಅನಾಗರಿಕನಾದನು, ಕಡೆಗೆ ಕ್ರೂರಿಯೂ ಆದನು. ದೋಷವಾದರೋ ಅವನ ನಾಲಗೆಯದಲ್ಲ, ಕೇಳಿದವರ ಕಿವಿಯದು! ಉತ್ತರ ಆಫ್ರಿಕದ ಒಂದು ಜನಾಂಗವು ತನ್ನನ್ನು ‘ಅಮಾಜಿಗ್’ ಎಂದು ಕರೆದುಕೊಳ್ಳುತ್ತಿದ್ದರೂ, ಹೊರಗಿನವರಿಟ್ಟ ‘ಬೆರ್ಬರ್’ ಎಂಬ ಹೆಸರನ್ನು ಇಂದಿಗೂ ಹೊತ್ತಿದೆ.

ಹಾಗಾದರೆ ನಿಜವಾದ ಬರ್ಬರತೆಯು ಎಲ್ಲಿದೆ? 1919ನೆಯ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಿರಾಯುಧರಾದ ಜನರ ಮೇಲೆ ಸುಮಾರು ಹತ್ತು ನಿಮಿಷಗಳ ಕಾಲ 1,650 ಗುಂಡುಗಳನ್ನು ಹಾರಿಸಲಾಯಿತು. ಸರ್ಕಾರದ ಲೆಕ್ಕದಂತೆಯೇ ಸತ್ತವರು 379 ಮಂದಿ. ಹಾರಿಸಲು ಅಪ್ಪಣೆ ಕೊಟ್ಟವನು ಕಾಡಿನವನಲ್ಲ. ನಾಗರಿಕತೆಯನ್ನು ಕಲಿಸುತ್ತೇವೆಂದು ಹೇಳಿಕೊಂಡ ಸಾಮ್ರಾಜ್ಯದ ಸೇನಾಧಿಕಾರಿ.

ಆದುದರಿಂದ ‘ಬರ್ಬರ ಕೃತ್ಯ’, ‘ಬರ್ಬರ ಹತ್ಯೆ’ ಎಂಬ ಪ್ರಯೋಗಗಳು ಯುಕ್ತವಾದುವು. ‘ಬರ್ಬರ ಜನಾಂಗ’ವೆಂಬುದು ಯುಕ್ತವಲ್ಲ. ನೆರೆಯವರ ನುಡಿ, ಉಡುಗೆ, ಊಟಗಳನ್ನು ಕಂಡು ಮನೆಯ ಮಕ್ಕಳು ನಕ್ಕಾಗ, ಹಿರಿಯರು ಈ ಶಬ್ದದ ಚರಿತ್ರೆಯನ್ನು ಅವರಿಗೆ ಹೇಳಬಹುದು. ಇಂತಹ ನಗೆಯಿಂದಲೇ ಅದು ಹುಟ್ಟಿತಷ್ಟೆ.