ಮೊದಲು ನಕಲು, ಆಮೇಲೆ ಹೊಸ ವ್ಯವಸ್ಥೆ

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಯಾದಗಿರಿ, ಶಹಾಪುರ, ಸುರಪುರಗಳು ಕೋಟೆಗಳನ್ನು ಕಂಡ ಊರುಗಳಾದುದರಿಂದ ಈ ಗಾದೆಯ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಗಣಕಯಂತ್ರದ ವಿಷಯ ಬಂದಾಗ ನಾವು ದಿನವೂ ಹಾಗೆಯೇ ನಡೆದುಕೊಳ್ಳುತ್ತಿದ್ದೇವೆ. ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸುತ್ತೇವೆ. ಹಳೆಯ ಕಡತಗಳೆಲ್ಲ ಅಳಿಸಿಹೋದ ಮೇಲೆ ನಕಲು ಇಟ್ಟುಕೊಳ್ಳಬೇಕಾಗಿತ್ತೆಂದು ನೆನೆಯುತ್ತೇವೆ.

ಈ ಮಾತನ್ನು ಈ ವರ್ಷದ ಸಂಚಿಕೆಯಲ್ಲಿ ಎತ್ತುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ನಡೆಯಬೇಕಾದರೆ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸ್ಥಳ, ಮೇಲಾಗಿ ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡು ಯಂತ್ರದಲ್ಲಿರಬೇಕು. ನಮ್ಮಲ್ಲಿ ಅನೇಕರ ಬಳಿ ಇರುವುದು ಅಣ್ಣಂದಿರು ಬಳಸಿ ಬಿಟ್ಟ ಲ್ಯಾಪ್‌ಟಾಪು, ಇಲ್ಲವೇ ಹಳೆಯದಾಗಿ ಕೊಂಡದ್ದು. ಆದುದರಿಂದ ಕೆಲವರು ಹೇಗೋ ಹೊಸ ವಿಂಡೋಸ್ ಹಾಕಿಸುತ್ತಿದ್ದಾರೆ. ಕೆಲವರು ಉಚಿತವಾಗಿ ದೊರೆಯುವ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳಿಗೆ ಹೋಗುತ್ತಿದ್ದಾರೆ. ಎರಡೂ ಒಳ್ಳೆಯದೇ. ಆದರೆ ನಕಲು ತೆಗೆಯದೆ ಇವೆರಡರಲ್ಲಿ ಯಾವುದನ್ನೂ ಮಾಡಕೂಡದು, ಹಾರ್ಡ್ ಡಿಸ್ಕನ್ನು ಭಾಗ ಮಾಡಿದ್ದನ್ನೇ ನಕಲೆಂದು ಭ್ರಮಿಸಕೂಡದು ಎಂಬುದು ನನ್ನ ನಮ್ರ ಅಭಿಪ್ರಾಯ.

ಹಾರ್ಡ್ ಡಿಸ್ಕ್ ಎಂಬುದು ಒಂದು ಹೊಲವಿದ್ದಂತೆ. ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಂಡಾಗ ಹೊಲದ ನಡುವೆ ಬದು ಹಾಕುತ್ತಾರೆ. ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಪತ್ರದಲ್ಲಿ ಬರೆದಿರುತ್ತದೆ. ಪಾರ್ಟಿಷನ್ ಎಂದರೂ ಅಷ್ಟೆ. ಡಿಸ್ಕಿನ ಮೊದಲಲ್ಲಿ ಒಂದು ಪಟ್ಟಿ ಇರುತ್ತದೆ. ಎಷ್ಟು ಪಾಲು, ಯಾವುದು ಎಲ್ಲಿ ಆರಂಭ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. 1983ರಲ್ಲಿ ಐ.ಬಿ.ಎಂ. ಯಂತ್ರಗಳೊಡನೆ ಬಂದ ಎಂ.ಬಿ.ಆರ್. ಎಂಬ ಹಳೆಯ ಪದ್ಧತಿಯಲ್ಲಿ ನಾಲ್ಕೇ ಮುಖ್ಯ ಪಾಲುಗಳಿಗೆ ಅವಕಾಶ. ಈಗಿನ ಜಿ.ಪಿ.ಟಿ. ಪದ್ಧತಿಯಲ್ಲಿ ವಿಂಡೋಸ್ 128 ಪಾಲುಗಳವರೆಗೆ ಮಾಡಬಲ್ಲದು. ಸಾಮಾನ್ಯವಾಗಿ ಸಿ ಎಂಬ ಪಾಲಿನಲ್ಲಿ ಆಪರೇಟಿಂಗ್ ಸಿಸ್ಟಂ, ಡಿ ಎಂಬ ಪಾಲಿನಲ್ಲಿ ನಮ್ಮ ಕಡತಗಳು ಎಂದು ಇಟ್ಟುಕೊಳ್ಳುತ್ತೇವೆ. ಎ ಮತ್ತು ಬಿ ಎಂಬ ಅಕ್ಷರಗಳು ಹಿಂದಿನ ಕಾಲದ ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಎಣಿಕೆ ಸಿ ಯಿಂದ ಆರಂಭವಾಯಿತು.

ಹೀಗೆ ಪಾಲು ಮಾಡುವುದು ಜಾಣತನವೆಂಬುದರಲ್ಲಿ ಸಂದೇಹವಿಲ್ಲ. ವ್ಯವಸ್ಥೆ ಕೆಟ್ಟಾಗ ಸಿ ಯನ್ನಷ್ಟೇ ಅಳಿಸಿ ಹೊಸದನ್ನು ಹಾಕಬಹುದು. ಡಿ ಯಲ್ಲಿದ್ದುದು ಉಳಿಯುತ್ತದೆ. ಲಿನಕ್ಸಿನಲ್ಲಿಯೂ ಹೋಮ್ ಎಂಬ ಪಾಲನ್ನು ಬೇರೆಯಾಗಿಟ್ಟರೆ ಇದೇ ಅನುಕೂಲ ದೊರೆಯುತ್ತದೆ. ಆದರೆ ಇಲ್ಲಿಂದಲೇ ತಪ್ಪು ತಿಳಿವಳಿಕೆ ಹುಟ್ಟುತ್ತದೆ. “ನನ್ನದೆಲ್ಲ ಡಿ ಯಲ್ಲಿದೆ, ನನಗೇನು ಭಯ?” ಎನ್ನುವ ಮಿತ್ರರನ್ನು ನಾನು ಅನೇಕರನ್ನು ಕಂಡಿದ್ದೇನೆ. ಅವರಿಗೆ ಮೂರು ಮಾತು ಹೇಳಬೇಕು.

ಒಂದನೆಯದು, ವ್ಯವಸ್ಥೆ ಹಾಕುವಾಗ ಬರುವ ತೆರೆಯಲ್ಲಿ ಸಿ, ಡಿ ಎಂಬ ಪರಿಚಿತ ಅಕ್ಷರಗಳು ಇರುವುದಿಲ್ಲ. ವಿಂಡೋಸಿನಲ್ಲಿ ಪಾರ್ಟಿಷನ್ 1, 2, 3 ಎಂಬ ಅಂಕಿಗಳೂ ಅವುಗಳ ಅಳತೆಯೂ ಕಾಣುತ್ತವೆ. ಉಬುಂಟುವಿನಲ್ಲಿ ಇಡೀ ಡಿಸ್ಕನ್ನು ಅಳಿಸಿ ಹಾಕುವ ಆಯ್ಕೆಯೂ ಇರುತ್ತದೆ. ಒಂದು ಒತ್ತು ತಪ್ಪಿದರೆ ಸಿ ಯೂ ಇಲ್ಲ, ಡಿ ಯೂ ಇಲ್ಲ. ಎರಡನೆಯದು, ಪಾಲು ಎರಡಾದರೂ ಡಿಸ್ಕು ಒಂದೇ. ಹೊಲಕ್ಕೆ ಹೊಳೆಯ ನೀರು ನುಗ್ಗಿದಾಗ ಅದು ಬದುವನ್ನು ನೋಡಿ ನಿಲ್ಲುವುದಿಲ್ಲ. ಡಿಸ್ಕು ಕೆಟ್ಟರೆ ಎರಡು ಪಾಲೂ ಕೂಡಿಯೇ ಹೋಗುತ್ತವೆ. ಮೂರನೆಯದು, ಲ್ಯಾಪ್‌ಟಾಪು ಕಳುವಾದರೆ ಕಳ್ಳನು ಡಿ ಯನ್ನು ಬಿಟ್ಟು ಹೋಗುವುದಿಲ್ಲ.

ಜಿ.ಪಿ.ಟಿ. ಪದ್ಧತಿಯನ್ನು ರೂಪಿಸಿದವರು ಪಾಲುಗಳ ಪಟ್ಟಿಯ ಎರಡನೆಯ ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಬರೆದಿಡುವಂತೆ ಮಾಡಿದ್ದಾರೆ. ಯಂತ್ರ ಬಲ್ಲವರೇ ಒಂದು ಪ್ರತಿಯನ್ನು ನಂಬಲಿಲ್ಲವೆಂದ ಮೇಲೆ ನಾವು ನಂಬುವುದು ಯಾವ ಧೈರ್ಯದಿಂದ? ಆದರೆ ಆ ಪ್ರತಿಯಲ್ಲಿರುವುದು ಬರಿಯ ಪಟ್ಟಿ, ನಮ್ಮ ಕಡತಗಳಲ್ಲ. ಅದೂ ಅದೇ ಡಿಸ್ಕಿನಲ್ಲಿಯೇ ಇರುತ್ತದೆ.

ನಮ್ಮ ಹಿರಿಯರು ಓದು ಬಲ್ಲವರಲ್ಲದಿದ್ದರೂ ಈ ತತ್ವವನ್ನು ಬಲ್ಲವರಾಗಿದ್ದರು. ಉಣ್ಣುವ ಜೋಳವನ್ನು ಹಗೇವಿಗೆ ಹಾಕಿದರೆ, ಬಿತ್ತುವ ಬೀಜವನ್ನು ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿ ಬೇರೆ ಕಡೆ ಇಡುತ್ತಿದ್ದರು. ಹಗೇವಿಗೆ ನೀರು ಇಳಿದರೂ ಮುಂದಿನ ವರ್ಷದ ಬಿತ್ತನೆ ಉಳಿಯುತ್ತಿತ್ತು. ದೊಡ್ಡ ದೊಡ್ಡ ಸಂಸ್ಥೆಗಳು ಈ ಪಾಠವನ್ನು ಕಷ್ಟದಿಂದ ಕಲಿತಿವೆ. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓ.ವಿ.ಎಚ್. ಎಂಬ ಸಂಸ್ಥೆಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ನಕಲನ್ನು ಬೇರೆ ಊರಿನಲ್ಲಿ ಇಟ್ಟವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಅಲ್ಲಿಯೇ ಇಟ್ಟವರಲ್ಲಿ ಹಲವರು ಎರಡನ್ನೂ ಕಳೆದುಕೊಂಡರು.

“ಬಿ.ಎ. ಓದುವವರ ಯಂತ್ರದಲ್ಲಿ ಅಂಥದ್ದೇನಿರುತ್ತದೆ?” ಎಂದು ಕೆಲವರು ನಗಬಹುದು. ಅಂಕಪಟ್ಟಿಯನ್ನು ಡಿಜಿಲಾಕರಿನಿಂದ, ಜಾತಿ ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮತ್ತೆ ಪಡೆಯಬಹುದೆಂಬುದು ನಿಜ. ಆದರೆ ನಮ್ಮ ತರಗತಿಯ ಸಹಪಾಠಿಯೊಬ್ಬರು ಕ್ಷೇತ್ರಕಾರ್ಯಕ್ಕೆಂದು ಹಳ್ಳಿಗಳನ್ನು ತಿರುಗಿ ಮೊಹರಂ ಪದಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಧ್ವನಿಮುದ್ರಿಸಿ ತಂದಿದ್ದರು. ಯಂತ್ರ ನಿಧಾನವಾಯಿತೆಂದು ಅಂಗಡಿಗೆ ಕೊಟ್ಟರು. ಅಂಗಡಿಯವರು ಏನನ್ನೂ ಕೇಳದೆ ಫಾರ್ಮ್ಯಾಟ್ ಮಾಡಿ, ಚೊಕ್ಕಟವಾದ ಯಂತ್ರವನ್ನು ಸಂಜೆಗೆ ಹಿಂತಿರುಗಿಸಿದರು. ಹಾಡಿದ ಮುತ್ತಜ್ಜಿಯೊಬ್ಬರು ಅಷ್ಟರಲ್ಲಿ ತೀರಿಹೋಗಿದ್ದರು. ಆ ಪದಗಳನ್ನು ಮತ್ತೆ ಯಾವ ಕಚೇರಿ ಕೊಟ್ಟೀತು? ನಮ್ಮಲ್ಲಿ ಬಹುಮಂದಿ ಮನೆಯಲ್ಲಿ ಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಮನೆಗಳ ಮಾತು, ಹಾಡು, ಕಥೆಗಳು ಅಕ್ಷರಕ್ಕೆ ಬರುತ್ತಿರುವುದೇ ಈಗ. ಅವುಗಳ ಮೊದಲ ಪ್ರತಿಯೇ ಕೊನೆಯ ಪ್ರತಿಯೂ ಆಗಬಾರದು.

ಇನ್ನು ಮಾಡಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲು ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡಬೇಕು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಂಬ ಕಡೆಗಳಲ್ಲಿದ್ದುದು ಸಿ ಯಲ್ಲಿಯೇ ಇರುತ್ತದೆಂಬುದನ್ನು ಮರೆಯಬಾರದು. ಆ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲು ನಕಲೇ ಅಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳಿದ್ದರೆ ಆ ತಂತ್ರಾಂಶವನ್ನೂ ತೆಗೆದಿಡಬೇಕು, ಇಲ್ಲವಾದರೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು; ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಕಾಣುತ್ತದೆ. ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಪ್ರತಿ ಪಾಲಿನ ಅಳತೆಯನ್ನೂ ಗುರುತು ಹಾಕಿಕೊಳ್ಳಬೇಕು. ವಿದ್ಯುತ್ತು ನಡುವೆ ಹೋಗದಂತೆ ಬ್ಯಾಟರಿ ತುಂಬಿರಬೇಕು. ನಕಲಿನ ಡಿಸ್ಕನ್ನು ಯಂತ್ರದಿಂದ ಕಳಚಿ ಪಕ್ಕಕ್ಕಿಟ್ಟ ಮೇಲೆಯೇ ಹೊಸ ವ್ಯವಸ್ಥೆಗೆ ಕೈ ಹಾಕಬೇಕು. ಇಷ್ಟಾಗಿಯೂ ತಪ್ಪಿ ಒಂದು ಪಾಲು ಅಳಿಸಿಹೋದರೆ ಮುಂದೆ ಏನನ್ನೂ ಬರೆಯದೆ ನಿಲ್ಲಿಸಿಬಿಡಬೇಕು. ಹಳೆಯ ಬಗೆಯ ಡಿಸ್ಕಿನಲ್ಲಿ ಪಟ್ಟಿ ಹರಿದಿದ್ದರೂ ಕಡತ ಇನ್ನೂ ಉಳಿದಿರುವ ಸಂಭವವುಂಟು.

ಇದಕ್ಕೆ ಹಣವೆಲ್ಲಿದೆ ಎಂಬ ಆಕ್ಷೇಪಣೆ ನ್ಯಾಯವಾದುದೇ. ಹೊರಗಿನ ಡಿಸ್ಕಿಗೆ ಸಾವಿರಗಟ್ಟಲೆ ಬೇಕು. ಆದರೆ ಬರಹಗಳಿಗೂ ಸ್ವಲ್ಪ ಧ್ವನಿಮುದ್ರಣಗಳಿಗೂ ಕೆಲವು ನೂರು ರೂಪಾಯಿಯ ಪೆನ್ ಡ್ರೈವು ಸಾಕು. ಗೂಗಲ್ ಉಚಿತವಾಗಿ ಕೊಡುವ 15 ಜಿ.ಬಿ. ಸ್ಥಳವೂ ಇದೆ. ಅದನ್ನು ಎರಡನೆಯ ಪ್ರತಿಯಾಗಿ ಬಳಸಬಹುದು, ಏಕೈಕ ಪ್ರತಿಯಾಗಿ ಅಲ್ಲ. ಯಂತ್ರದೊಡನೆ ಸದಾ ಜೋಡಿಕೊಂಡಿರುವ ಕಡತವನ್ನು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ.

ಪ್ರಾಂಶುಪಾಲರಲ್ಲಿಯೂ ಗುರುವರ್ಗದಲ್ಲಿಯೂ ವಿನಯಪೂರ್ವಕವಾಗಿ ಮೂರು ಬಿನ್ನಹಗಳಿವೆ. ಪ್ರಯೋಗಶಾಲೆಯ ಯಂತ್ರಗಳಿಗೆ ಹೊಸ ವ್ಯವಸ್ಥೆ ಹಾಕುವ ಒಂದು ವಾರ ಮೊದಲು ಸೂಚನಾಫಲಕದಲ್ಲಿ ತಿಳಿಸಬೇಕು. ಗ್ರಂಥಾಲಯದಲ್ಲಿ ಒಂದು ದೊಡ್ಡ ಡಿಸ್ಕನ್ನಿಟ್ಟು, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳ ಒಂದು ಪ್ರತಿಯನ್ನು ಪುಸ್ತಕದಂತೆಯೇ ದಾಖಲು ಮಾಡಿಕೊಳ್ಳಬೇಕು. ಪ್ರಥಮ ವರ್ಷದವರಿಗೆ ಅರ್ಧ ದಿನವಾದರೂ ಈ ಪಾಠ ಹೇಳಬೇಕು. ಪರೀಕ್ಷೆಯಲ್ಲಿ ನಕಲು ಮಾಡಬಾರದೆಂದು ನಮಗೆ ವರ್ಷಕ್ಕೆರಡು ಬಾರಿ ಎಚ್ಚರಿಕೆ ಕೊಡುತ್ತಾರೆ. ಕಡತಗಳ ನಕಲು ಮಾಡಬೇಕೆಂದು ಒಂದು ಬಾರಿಯಾದರೂ ಹೇಳಿದರೆ ಉಪಕಾರವಾದೀತು.

ನಮ್ಮ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರ ವಚನಗಳನ್ನು ನಾವಿಂದು ತರಗತಿಯಲ್ಲಿ ಓದುತ್ತಿದ್ದೇವೆ. ಹೆಸರು ತಿಳಿಯದ ಎಷ್ಟೋ ಲಿಪಿಕಾರರು ಓಲೆಯಿಂದ ಓಲೆಗೆ ನಕಲು ಮಾಡುತ್ತ ಬಂದರು. ಆ ಕಟ್ಟುಗಳು ಬೇರೆ ಬೇರೆ ಮಠಗಳಲ್ಲಿ, ಮನೆಗಳಲ್ಲಿ ಉಳಿದವು. ಅದರಿಂದಲೇ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಲು ಸಾಧ್ಯವಾಯಿತು. ಎಲ್ಲವೂ ಒಂದೇ ಮನೆಯ ಒಂದೇ ಪೆಟ್ಟಿಗೆಯಲ್ಲಿದ್ದಿದ್ದರೆ ಒಂದು ಗೆದ್ದಲು ಸಾಕಾಗಿತ್ತು. ಆ ಲಿಪಿಕಾರರು ತಿಂಗಳುಗಟ್ಟಲೆ ಕುಳಿತು ಮಾಡಿದ ಕೆಲಸವನ್ನು ನಾವು ಅರ್ಧ ಗಂಟೆಯಲ್ಲಿ ಮಾಡಬಲ್ಲೆವು. ಮಿತ್ರರೇ, ಮುಂದಿನ ಬಾರಿ ಯಂತ್ರವನ್ನು ಅಂಗಡಿಗೆ ಒಯ್ಯುವ ಮೊದಲು ಆ ಅರ್ಧ ಗಂಟೆಯನ್ನು ದಯವಿಟ್ಟು ಕೊಡಿರಿ.